ಕಾರ್ಡಿನಲ್ಲಿ ಬರೆದ ಎಂಟು

ಜಗಳ ಶುರುವಾಗಿದ್ದು ಹಪ್ಪಳದ ಡಬ್ಬಿಯಿಂದ. ನೆಂಟರು ಬಂದರೆ ಇರಲಿ ಎಂದು ಡಬ್ಬಿಯ ತುಂಬ ಎಂಪಿಂಗ್ ಹಪ್ಪಳ ಕರಿದಿಟ್ಟಿದ್ದೆ. ಸಂಜೆ ಮುಚ್ಚಳ ತೆಗೆದರೆ ತಳದಲ್ಲಿ ಬರೀ ಪುಡಿ.

“ಸಿಂಬೊಕ್, ಇದನ್ನ ತಿಂದಿದ್ದು ನೀವು ತಾನೇ?”

“ಇಲಿ ಇರ್ಬೇಕು.”

“ಮುಚ್ಚಳ ತೆಗೆದು, ತಿಂದು, ಮತ್ತೆ ಮುಚ್ಚಿಟ್ಟು ಹೋಗೋ ಇಲಿನಾ?”

“ನಮ್ಮನೆ ಇಲಿಗಳಿಗೆ ಸಂಸ್ಕಾರ ಇದೆ ಕಣೆ ವಾರ್ಸಿ.”

ನನ್ನ ಮಗಳು ಲಾರಸ್ ಕಿಸಕ್ಕನೆ ನಕ್ಕಳು. ನನಗೆ ಮೈ ಉರಿಯಿತು. ನನ್ನ ಅತ್ತೆ ಸಮಿಂತೆನ್ ಅವರ ಹತ್ತಿರ ಮಾತಿನಲ್ಲಿ ಗೆದ್ದವರು ಕಾರಾಂಗ್‌ಲೋ ಓಣಿಯಲ್ಲೇ ಇಲ್ಲ. ಮನೆಯಲ್ಲಿ ಗಂಡ ‘ಸಿಂಬೊಕ್’, ಅಂದರೆ ಅಮ್ಮ, ಅನ್ನುತ್ತಾನೆಂದು ನಾನೂ ಹಾಗೇ ಕರೆಯುತ್ತೇನೆ. ಓಣಿಯವರಿಗೂ ಅವರು ಸಿಂಬೊಕ್ಕೇ. ಅರವತ್ತೆರಡು ವಯಸ್ಸು. ನಲವತ್ತು ವರ್ಷದಿಂದ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ನಮ್ಮ ಜಾವಾದ ಗಿಡಮೂಲಿಕೆ ಪಾನೀಯ ಜಾಮು ಮಾರುತ್ತಾರೆ: ಅರಿಶಿನ-ಹುಣಸೆಯ ಕಷಾಯ, ಅಕ್ಕಿ-ಕಚ್ಚೂರದ ಪಾನಕ, ನೆಲಬೇವಿನ ಕಹಿ. ಒಂಬತ್ತು ಸೀಸೆ ಬೆನ್ನಿಗೆ, ಲೋಟ ತೊಳೆಯುವ ನೀರಿನ ಬಕೆಟ್ಟು ಕೈಗೆ. ನಮ್ಮ ಓಣಿಯಿಂದ ಸಂತೆ, ಸಂತೆಯಿಂದ ಮಸೀದಿ ಬೀದಿ, ಅಲ್ಲಿಂದ ಮರದ ಕಾರ್ಖಾನೆ. ಒಂದು ದಿನಕ್ಕೆ ಎರಡು ಸುತ್ತು.

ಆಗ ಕೆಲವು ವಾರಗಳಿಂದ ಅವರ ಬಲಗಾಲು ನೋಯುತ್ತಿತ್ತು. ಪಾದದ ಕೀಲಿನ ಒಳಬದಿ ಊದಿಕೊಂಡು ಬೆಚ್ಚಗಿರುತ್ತಿತ್ತು. ನಮ್ಮ ಕಡೆ ಯಾರಿಗೆ ಎಲ್ಲಿ ನೋವು ಬಂದರೂ ಅದು ಯೂರಿಕ್ ಆಸಿಡ್ಡೇ. ಮಂಡಿ ನೋವಾ? ಯೂರಿಕ್ ಆಸಿಡ್. ಬೆರಳು ಹಿಡಿಯಿತಾ? ಯೂರಿಕ್ ಆಸಿಡ್. ಎಂಪಿಂಗ್ ಬಿಡು, ಕಡಲೆಕಾಯಿ ಬಿಡು, ಪಾಲಕ್ ಬಿಡು. ಹೇಳೋದಕ್ಕೆ ಡಾಕ್ಟರೇ ಬೇಕಿಲ್ಲ, ತರಕಾರಿ ಮಾರುವವಳೂ ಹೇಳುತ್ತಾಳೆ.

ಆದರೆ ನಾನು ತರಕಾರಿ ಮಾರುವವಳಲ್ಲ, ನಮ್ಮ ಓಣಿಯ ಆರೋಗ್ಯ ಕಾರ್ಯಕರ್ತೆ. ಹಾಗೆಂದು ಎಷ್ಟು ಜಂಬ ಇತ್ತು ನನಗೆ! ತಿಂಗಳಿಗೊಮ್ಮೆ ಓಣಿಯ ಮುಖ್ಯಸ್ಥರ ಹೆಂಡತಿ ಬು ಹಾರ್ಯಾತಿಯವರ ಜಗಲಿಯಲ್ಲಿ ಹಿರಿಯರ ತಪಾಸಣೆ ನಡೆಯುತ್ತದೆ. ಗೌರವದ ಹೆಂಗಸರಿಗೆ ನಮ್ಮಲ್ಲಿ ‘ಬು’ ಅನ್ನುವುದು. ತೂಕ ನೋಡುವುದು, ಬಿಪಿ ನೋಡುವುದು, ಬೆರಳು ಚುಚ್ಚಿ ರಕ್ತ ನೋಡುವುದು, ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ನಲವತ್ತು ಕಾರ್ಡುಗಳು ನನ್ನ ಚೀಲದಲ್ಲೇ ಇರುತ್ತವೆ.

ಆ ತಿಂಗಳ ತಪಾಸಣೆಗೆ ಮುಂಚೆಯೇ ನಾನು ಓಣಿಗೆಲ್ಲ ಸಾರಿದ್ದೆ. “ನಮ್ಮ ಸಿಂಬೊಕ್‌ಗೆ ಯೂರಿಕ್ ಆಸಿಡ್ಡು. ಎಂಪಿಂಗ್ ತಿಂದೂ ತಿಂದೂ ಬಂದಿರೋದು. ನೋಡ್ತಿರಿ, ಯಂತ್ರವೇ ಹೇಳುತ್ತೆ.” ಹನ್ನೊಂದು ಜನ ಹೆಂಗಸರು ಜಗಲಿಯಲ್ಲಿ ಕೂತಿದ್ದರು. ಸಿಂಬೊಕ್ ಬೆರಳು ಕೊಟ್ಟರು. ಚುಚ್ಚಿದೆ, ಪಟ್ಟಿಗೆ ರಕ್ತ ಮುಟ್ಟಿಸಿದೆ, ಯಂತ್ರ ಕೀಂ ಎಂದಿತು. ತಿರುಗಿಸಿ ನೋಡಿದೆ.

ಐದು ಪಾಯಿಂಟ್ ಎರಡು.

ಹೆಂಗಸರಿಗೆ ಆರರವರೆಗೆ ಸರಿಯೇ. ಅಂದರೆ ಸಿಂಬೊಕ್‌ಗೆ ಯೂರಿಕ್ ಆಸಿಡ್ಡಿನ ತೊಂದರೆ ಇರಲೇ ಇಲ್ಲ.

“ಎಷ್ಟು ಬಂತು ವಾರ್ಸಿ?” ಎಂದು ಬು ಹಾರ್ಯಾತಿ ಕೇಳಿದರು. ಹನ್ನೊಂದು ಮುಖಗಳು ನನ್ನ ಕಡೆಗೇ. ಮದುವೆಯಾಗಿ ಹದಿನಾಲ್ಕು ವರ್ಷ. ಆ ಮನೆಯಲ್ಲಿ ನಾನು ಗೆಲ್ಲುತ್ತಿದ್ದ ಮೊದಲ ಜಗಳ ಅದು. ಈಗ ಐದು ಅಂದರೆ ಸಿಂಬೊಕ್ ಇಡೀ ಓಣಿಯಲ್ಲಿ ಇಲಿ ಕಥೆ ಹೇಳಿಕೊಂಡು ನನ್ನನ್ನು ನಗೆಪಾಟಲು ಮಾಡುತ್ತಾರೆ. ಅಷ್ಟೇ ಯೋಚಿಸಿದ್ದು, ಸುಳ್ಳು ಹೇಳುವುದಿಲ್ಲ. ಪೆನ್ನು ತೆಗೆದು ಐದರ ಜಾಗದಲ್ಲಿ ಎಂಟು ಬರೆದೆ.

“ಎಂಟು ಪಾಯಿಂಟ್ ಎರಡು,” ಎಂದು ಗಟ್ಟಿಯಾಗಿ ಓದಿದೆ.

“ಅಯ್ಯೋ ದೇವರೇ!” ಎಂದರು ಹೆಂಗಸರು. ಸಿಂಬೊಕ್ ಒಮ್ಮೆ ನನ್ನ ಮುಖ ನೋಡಿದರು. “ಹಾಗಾ?” ಎಂದರು. ಎದ್ದು ಬಕೆಟ್ಟು ತೆಗೆದುಕೊಂಡು ಹೋದರು.

ಎಷ್ಟು ಸಲೀಸಾಗಿ ಆಗಿಹೋಯಿತು! ಮಾರನೇ ದಿನ ಹೇಳಿದರಾಯಿತು, ಯಂತ್ರ ತಪ್ಪು ತೋರಿಸಿತ್ತು ಅಂದರಾಯಿತು ಎಂದುಕೊಂಡೆ. ಹೇಳಲಿಲ್ಲ. ಆ ವಾರವೇ ಸಿಂಬೊಕ್ ಕಾರ್ಡು ಹಿಡಿದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿಯ ಡಾಕ್ಟರ ಮುಂದೆ ಐವತ್ತು ಜನರ ಸಾಲು. ಅವರು ಕಾರ್ಡು ನೋಡಿದರು, ಎಂಟು ನೋಡಿದರು, ತಿಂಗಳಿಗಾಗುವಷ್ಟು ಮಾತ್ರೆ ಬರೆದರು. ಕಾಲನ್ನು ನೋಡಲೇ ಇಲ್ಲ. ನೋಡುವುದಕ್ಕೆ ನಾನು ಏನು ಉಳಿಸಿದ್ದೆ?

ಅಲ್ಲಿಂದ ಏಳು ತಿಂಗಳು. ಎಂಪಿಂಗ್ ಹೋಯಿತು, ಕಡಲೆಕಾಯಿ ಚಟ್ನಿ ಹೋಯಿತು, ಕೊನೆಗೆ ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆಯೂ ಹೋಯಿತು. ತೆಂಪೆ ಇಲ್ಲದೆ ಜಾವಾದವರು ಅನ್ನ ಹೇಗೆ ತಿನ್ನುತ್ತಾರೆ? ಸಿಂಬೊಕ್ ಬೇಯಿಸಿದ ಸೀಮೆಬದನೆ ಹಾಕಿಕೊಂಡು ತಿಂದರು.

“ಜೈಲಲ್ಲೂ ಇದಕ್ಕಿಂತ ಚೆನ್ನಾಗಿ ಹಾಕ್ತಾರೆ,” ಎಂದು ನನ್ನ ಗಂಡ ಗಿಯಾರ್ತೊ ಗೊಣಗಿದ. ಅವನು ಗೇಟು, ಕಿಟಕಿ ಬೆಸುಗೆ ಹಾಕುವವನು. ಬಂದ ತಕ್ಷಣ ತಟ್ಟೆ ನೋಡುತ್ತಾನೆ. ಹೆಸರು ಹಿಡಿಯದೆ ನಾನು ಅವನನ್ನು ‘ಮಾಸ್’ ಅನ್ನುತ್ತೇನೆ.

“ನಿಮ್ಮಮ್ಮನ ಒಳ್ಳೇದಕ್ಕೇ ಮಾಸ್, ನನ್ನ ಹೊಟ್ಟೆಗಲ್ಲ,” ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಅಷ್ಟು ಸಾಲದು ಎಂಬಂತೆ, “ನಡೀರಿ ಸಿಂಬೊಕ್, ನಡೆದಷ್ಟೂ ಆಸಿಡ್ ಇಳಿಯುತ್ತೆ,” ಎಂದೂ ಹೇಳಿದೆ. ಭಾನುವಾರ ಹಿರಿಯರ ವ್ಯಾಯಾಮಕ್ಕೆ ಕರೆದುಕೊಂಡು ಹೋಗಿ ತುದಿಗಾಲಲ್ಲಿ ನಿಲ್ಲಿಸಿದೆ. ಅವರು ಗೋಡೆ ಹಿಡಿದುಕೊಂಡರೆ, “ಸೋಮಾರಿತನ ಮಾಡಬೇಡಿ,” ಎಂದೆ. ಮಾತ್ರೆ ನುಂಗಿದರು, ನಡೆದರು, ಬುಟ್ಟಿ ಹೊತ್ತರು. ನೋವು ಮಾತ್ರ ಹೋಗಲಿಲ್ಲ. ಕಾಯಿಲೆ ಗೊತ್ತಾಗಿದೆಯಲ್ಲ, ಪಟ್ಟಿ ಯಾಕೆ ಹಾಳು ಎಂದು ತಿಂಗಳ ತಪಾಸಣೆಯಲ್ಲಿ ಅವರ ಬೆರಳನ್ನು ಮತ್ತೆ ಚುಚ್ಚಲಿಲ್ಲ. ಸುಳ್ಳನ್ನು ನಾನು ಮರೆತೇಬಿಟ್ಟಿದ್ದೆ ಅಂದರೆ ನಂಬುತ್ತೀರಾ? ಹೇಳಿ ಹೇಳಿ, ನನಗೇ ಆ ಎಂಟು ನಿಜ ಅನ್ನಿಸತೊಡಗಿತ್ತು.

ನೆನಪಿಸಿದವಳು ಲಾರಸ್. ಉಪವಾಸದ ತಿಂಗಳು ಶುರುವಾಗಿ ಎರಡನೇ ದಿನ. ಸಂಜೆಯ ಪ್ರಾರ್ಥನೆಗೆ ಕೈಕಾಲು ತೊಳೆದು ಸಿಂಬೊಕ್ ಬಿಳಿ ಟೈಲ್ಸಿನ ಮೇಲೆ ನಡೆದು ಹೋದರು. ಹಿಂದೆ ಒದ್ದೆ ಹೆಜ್ಜೆಗಳು ಉಳಿದವು. ಲಾರಸ್ ಮಂಡಿಯೂರಿ ನೋಡಿದಳು. ಅವಳಿಗೆ ಹದಿಮೂರು, ಕಣ್ಣು ಚುರುಕು, ನಾಲಗೆ ಅಜ್ಜಿಯದ್ದೇ.

“ಅಮ್ಮಾ, ಇಲ್ನೋಡು. ಎಡಗಾಲು ಮನುಷ್ಯರದ್ದು, ಬಲಗಾಲು ಬಾತುಕೋಳಿದು.”

ಎಡ ಹೆಜ್ಜೆಯ ನಡುವೆ ಕಮಾನಿನ ಜಾಗ ಒಣಗಿತ್ತು. ಬಲ ಹೆಜ್ಜೆಯಲ್ಲಿ ಹಿಮ್ಮಡಿಯಿಂದ ಬೆರಳಿನವರೆಗೆ ಪೂರಾ ನೀರು, ರೊಟ್ಟಿ ತಟ್ಟಿದ ಹಾಗೆ.

“ಮೊದಲಿಂದಲೂ ಹಾಗೇ ಇರ್ಬೇಕು,” ಎಂದೆ.

“ಇಲ್ಲಮ್ಮ. ಅಜ್ಜಿ ಹಿಂದೆ ನಡೆದು ನೋಡು. ಎಡಗಾಲಲ್ಲಿ ಕಿರುಬೆರಳೊಂದೇ ಕಾಣುತ್ತೆ. ಬಲಗಾಲಲ್ಲಿ ನಾಲ್ಕು ಬೆರಳು ಆಚೆ ಇಣುಕುತ್ತೆ. ಹಿಮ್ಮಡಿನೂ ಹೊರಗೆ ವಾಲಿದೆ. ಚಪ್ಪಲಿ ನೋಡು, ಒಳಗಡೆ ಮಾತ್ರ ಸವೆದಿದೆ.”

ಪ್ರಾರ್ಥನೆ ಮುಗಿಸಿ ಬಂದ ಸಿಂಬೊಕ್, “ಇನ್ನೂ ನಾಲ್ಕೇ ತಾನೆ, ಆರನೇ ಬೆರಳು ಬಂದಾಗ ಹೇಳು,” ಎಂದರು. ಆದರೆ ಕೂರುವಾಗ ಹಲ್ಲು ಕಚ್ಚಿಕೊಂಡರು. ಉಪವಾಸ ಮುರಿಯಲು ತೆಂಗಿನ ಹಾಲು, ಬೆಲ್ಲದಲ್ಲಿ ಬೇಯಿಸಿದ ಬಾಳೆಹಣ್ಣು ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು. ಯೂರಿಕ್ ಆಸಿಡ್ ಪಾದವನ್ನು ಚಪ್ಪಟೆ ಮಾಡುವುದಿಲ್ಲ ಎಂದು ನನಗೂ ಗೊತ್ತು. ಐದು ಪಾಯಿಂಟ್ ಎರಡು, ಐದು ಪಾಯಿಂಟ್ ಎರಡು ಎಂದು ತಲೆಯೊಳಗೆ ಹೊಡೆದುಕೊಳ್ಳತೊಡಗಿತು.

ಗಿಯಾರ್ತೊ ಬಗ್ಗಿ ಅಮ್ಮನ ಕಾಲು ಹಿಡಿದು ನೋಡಿದ. ಎಂದೂ ನೋಡದವನು. “ಇದು ಹೀಗಾಗಿರೋದು ಯಾರಿಗೂ ಕಾಣ್ಲಿಲ್ವಾ? ಮನೇಲಿ ಆರೋಗ್ಯ ಕಾರ್ಯಕರ್ತೆ ಬೇರೆ ಇದಾಳೆ!”

“ನೀವೂ ಇದ್ರಿ ಮಾಸ್.”

“ನಾನು ಕಬ್ಬಿಣ ನೋಡೋನು. ನಾಳೆನೇ ದೊಡ್ಡಾಸ್ಪತ್ರೆಗೆ ಚೀಟಿ ಬರೆಸ್ಕೊಂಡು ಬಾ.”

ಚೀಟಿ ಸಿಗುವುದಕ್ಕೆ ಮೂರು ದಿನ, ಸೋಲೊ ನಗರದ ಆಸ್ಪತ್ರೆಯಲ್ಲಿ ಸರದಿ ಬರುವುದಕ್ಕೆ ಇನ್ನೊಂದು ವಾರ. ಮೂಳೆ ವಿಭಾಗದ ಡಾಕ್ಟರ್ ಪ್ರಾಸೆತ್ಯೊ ಚಿಕ್ಕ ವಯಸ್ಸಿನವರು.

“ಎಷ್ಟು ದಿನದಿಂದ ನೋವು?”

“ಏಳೆಂಟು ತಿಂಗಳಾಯ್ತು ಡಾಕ್ಟ್ರೇ, ಯೂರಿಕ್ ಆಸಿಡ್…” ಎಂದು ನಾನು ಶುರುಮಾಡಿದೆ.

“ಕಾಲು ಇವರದ್ದಾ, ನಿಮ್ಮದಾ?”

ಸಿಂಬೊಕ್‌ಗೆ ನಗು ಬಂತು. ಆಮೇಲೆ ಅವರೇ ಹೇಳಿದರು: ಮೊದಲು ಒಳಬದಿಯಲ್ಲಿ ಮಾತ್ರ ಸೆಳೆತ, ಬುಟ್ಟಿ ಹೊತ್ತರೆ ಜಾಸ್ತಿ, ಕೂತರೆ ಕಡಿಮೆ. ಈಚೆಗೆ ಹೊರಬದಿಯೂ ನೋಯುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ಪಾದ ಮಾತು ಕೇಳುವುದಿಲ್ಲ. ಡಾಕ್ಟರು ಅವರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಹಿಂದೆ ಕುಕ್ಕರುಗಾಲಲ್ಲಿ ಕೂತು ಬೆರಳು ಎಣಿಸಿದರು, ನಮ್ಮ ಲಾರಸ್ ಎಣಿಸಿದ ಹಾಗೇ.

“ಈಗ ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಿ, ಬು.”

ಎತ್ತಿದರು.

“ಬಲಗಾಲು.”

ಸಿಂಬೊಕ್ ಗೋಡೆಗೆ ಎರಡೂ ಅಂಗೈ ಒತ್ತಿದರು. ಕತ್ತಿನ ನರ ಉಬ್ಬಿತು. ಹಿಮ್ಮಡಿ ಒಂದು ಕಾಗದದಷ್ಟೂ ಮೇಲೇಳಲಿಲ್ಲ. ಮತ್ತೊಮ್ಮೆ ಒತ್ತಿದರು. ನಲವತ್ತು ವರ್ಷ ಒಂಬತ್ತು ಸೀಸೆ ಹೊತ್ತ ಕಾಲು ಅದು.

“ಎತ್ತು ಅಂತಿದೀನಿ ಡಾಕ್ಟ್ರೇ, ಕೇಳ್ತಿಲ್ಲ,” ಎಂದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಅವರ ದನಿ ಹಾಗೆ ಕೇಳಿದ್ದು ನಾನು ಮೊದಲ ಸಲ. ವ್ಯಾಯಾಮದಲ್ಲಿ ಸೋಮಾರಿ ಎಂದು ಬೈದದ್ದು ನೆನಪಾಗಿ ನೆಲ ಬಾಯಿಬಿಡಬಾರದಾ ಅನ್ನಿಸಿತು.

ನಿಲ್ಲಿಸಿಯೇ ಎಕ್ಸ್‌ರೇ ತೆಗೆದರು. ರಕ್ತವನ್ನೂ ನೋಡಿದರು. ಮಧ್ಯಾಹ್ನ ಮತ್ತೆ ಕರೆದು ಹೇಳಿದರು. ಪಾದದ ಕೀಲಿನ ಒಳಗಡೆ, ಮೂಳೆಯ ಹಿಂದಿನಿಂದ ಸ್ನಾಯುವಿನ ಒಂದು ಹುರಿ ಇಳಿದು ಬರುತ್ತದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ಅದು ಊದಿಕೊಂಡು, ಎಳೆದೂ ಎಳೆದೂ ಉದ್ದವಾಗಿ ಸಡಿಲವಾಗಿದೆ, ಸ್ವಲ್ಪ ಹರಿದೂ ಇದೆ. ಕಮಾನು ಕುಸಿದಿದೆ. ಹುಟ್ಟಿನಿಂದ ಬಂದ ಚಪ್ಪಟೆ ಪಾದವಲ್ಲ, ವಯಸ್ಸಾದ ಮೇಲೆ ಬಂದದ್ದು.

“ಯೂರಿಕ್ ಆಸಿಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಇವರದ್ದು ಐದು ಪಾಯಿಂಟ್ ಒಂದು ಇದೆ. ಈ ಕಾರ್ಡಲ್ಲಿ ಎಂಟು ಪಾಯಿಂಟ್ ಎರಡು ಅಂತ ಯಾರು ಬರೆದ್ರು?”

“ಪಟ್ಟಿ ಹಳೇದಾಗಿತ್ತೇನೋ,” ಎಂದೆ. ಎಷ್ಟು ಬೇಗ ಬಂತು ನಾಲಗೆಗೆ!

“ಆಗುತ್ತೆ. ಆದರೆ ಆಗಲೇ ಬಂದಿದ್ರೆ ಆರು ವಾರ ಕಾಲಿಗೆ ವಿಶ್ರಾಂತಿ ಕೊಟ್ಟು, ಪಾದದ ಕೆಳಗೆ ಆಸರೆ ಹಾಕಿದ್ರೆ ಬಹುಶಃ ಸಾಕಾಗ್ತಿತ್ತು. ಈಗ ಹಾಗೆ ಮಾತು ಕೊಡೋಕಾಗಲ್ಲ. ಪುಣ್ಯಕ್ಕೆ ಪಾದ ಇನ್ನೂ ಕೈಯಲ್ಲಿ ಬಾಗಿಸಿದರೆ ಬಾಗುತ್ತೆ, ಗಟ್ಟಿಯಾಗಿಲ್ಲ. ಬೂಟು ಹಾಕಿ ನೋಡೋಣ. ಆಮೇಲೆ ಆಸರೆ, ವ್ಯಾಯಾಮ. ಆಗದಿದ್ರೆ ಆಪರೇಷನ್: ಪಕ್ಕದ ಇನ್ನೊಂದು ಹುರಿಯನ್ನ ಇದರ ಜಾಗಕ್ಕೆ ತಂದು ಕಟ್ಟಿ, ಹಿಮ್ಮಡಿ ಮೂಳೆಯನ್ನ ಕೊಯ್ದು ಒಳಕ್ಕೆ ಸರಿಸಬೇಕು.”

“ಬುಟ್ಟಿ ಯಾವಾಗ ಹೊರಬಹುದು?” ಸಿಂಬೊಕ್ ಅದೊಂದನ್ನೇ ಕೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಬುಟ್ಟಿ ಇನ್ನು ಬೇಡ, ಬು.”

“ಹಬ್ಬ ಆದ್ಮೇಲಾ?”

“ಹಬ್ಬ ಆದ್ಮೇಲೂ ಬೇಡ.”

ಬಸ್ಸಿನಲ್ಲಿ ಸಿಂಬೊಕ್ ಕಿಟಕಿಯ ಆಚೆ ನೋಡುತ್ತ ಕೂತರು. ನಾನು ಬೂಟಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಈಗ ಹೇಳಿಬಿಡುತ್ತೇನೆ, ಆ ಸೇತುವೆ ದಾಟಿದ ಮೇಲೆ ಹೇಳುತ್ತೇನೆ, ಇಳಿಯುವ ಮುಂಚೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇಳಿದೆ.

ಬೂಟು ಮಂಡಿಯ ಕೆಳಗಿನವರೆಗೆ ಬರುವ ಕಪ್ಪು ಬೂಟು. ಮನೆಯೊಳಗೂ ಹಾಕಿಕೊಂಡೇ ಇರಬೇಕು. ಅದಕ್ಕೆ ಮತ್ತೆ ಮನೆಯಲ್ಲಿ ರಂಪ.

“ಚಾಪೆ ಹಾಸಿ ಉಣ್ಣೋ ನೆಲದ ಮೇಲೆ ಬೂಟು ಹಾಕ್ಕೊಂಡು ಓಡಾಡೋಕೆ ನಾನೇನು ಪೊಲೀಸಾ?”

“ನಾನು ನೆಲ ಒರೆಸ್ತೀನಿ ಸಿಂಬೊಕ್, ನೀವು ಹಾಕ್ಕೊಳ್ಳಿ.”

“ಎಷ್ಟು ಸಲ ಒರೆಸ್ತೀಯ?”

“ನೀವು ಎಷ್ಟು ಸಲ ನಡೀತೀರೋ ಅಷ್ಟು ಸಲ.”

“ಅಬ್ಬಾ! ಈ ಟೈಲ್ಸ್ ಹಾಕಿಸಿದಾಗ ಚಪ್ಪಲಿ ಹೊಸಿಲಲ್ಲೇ ಬಿಡಿ ಅಂತ ನನಗೇ ಪಾಠ ಹೇಳಿದವಳು ಇವಳೇನಾ?” ಎಂದು ಸಿಂಬೊಕ್ ಲಾರಸ್ ಕಡೆ ತಿರುಗಿ ಕೇಳಿದರು. ನಾನು ಬಟ್ಟೆ ಹಿಂಡಿದೆ. ದಿನಕ್ಕೆ ಹತ್ತು ಸಲ ಒರೆಸಿದೆ. ತೆಂಪೆಯನ್ನು ಬೆಳ್ಳುಳ್ಳಿ, ಕೊತ್ತಂಬರಿ ನೀರಲ್ಲಿ ನೆನೆಸಿ ಗರಿಗರಿಯಾಗಿ ಕರಿದು ಮುಂದಿಟ್ಟೆ. ಸಿಂಬೊಕ್ ಎರಡು ತುಂಡು ತಿಂದು ತಟ್ಟೆ ಸರಿಸಿದರು. “ನಾಲಗೆಗೆ ಅಭ್ಯಾಸ ತಪ್ಪಿಹೋಗಿದೆ,” ಎಂದರು.

ಬುಟ್ಟಿಯನ್ನು ನಾನೇ ಹೊರುತ್ತೇನೆ ಎಂದೆ. ಉಪವಾಸದ ತಿಂಗಳಲ್ಲಿ ವ್ಯಾಪಾರವೆಲ್ಲ ಸಂಜೆಯ ಹೊತ್ತು, ಹೆಚ್ಚೆಂದರೆ ಎರಡು ಗಂಟೆ, ಅಷ್ಟೂ ಆಗದಾ? ಮೊದಲ ದಿನ ಕಾರ್ಖಾನೆಯ ಗೇಟಿನ ತನಕ ಹೋಗುವುದರೊಳಗೆ ಸೊಂಟ ಬಿಟ್ಟುಹೋಯಿತು. ಎದೆಗೆ ಬಿಗಿದ ಬಟ್ಟೆ ಭುಜದ ಚರ್ಮ ಕಿತ್ತಿತು. ಕಾವಲುಗಾರ ಒಂದು ಗುಟುಕು ಕುಡಿದು ಮೂತಿ ಸೊಟ್ಟಗೆ ಮಾಡಿದ.

“ಸಿಂಬೊಕ್ ಎಲ್ಲಮ್ಮ?”

“ಕಾಲು ನೋವು.”

“ಬೇಗ ಬರಕ್ಕೆ ಹೇಳು. ಇದು ಅರಿಶಿನ ತೊಳೆದ ನೀರು.”

ಮೂರು ದಿನ ಹೊತ್ತೆ. ನಾಲ್ಕನೇ ದಿನ ಪಕ್ಕದ ಓಣಿಯ ಇನ್ನೊಬ್ಬಳು ಜಾಮು ಬುಟ್ಟಿ ಹೊತ್ತು ಅದೇ ಗೇಟಿನ ಮುಂದೆ ನಿಂತಿದ್ದಳು, ಸುತ್ತ ಗಿರಾಕಿಗಳು. ಮನೆಗೆ ಬಂದು ಹೇಳಿದಾಗ ಸಿಂಬೊಕ್ ಒಂದೊಂದೇ ಹೆಸರು ಕೇಳಿದರು. ಕಾವಲುಗಾರ ಹೋದನಾ? ಮಸೀದಿ ಬೀದಿ ದರ್ಜಿ? ಬಾಣಂತಿ ಇದ್ದಳಲ್ಲ, ಅವಳು? ಎಲ್ಲದಕ್ಕೂ ಹೂಂ ಎಂದೆ. ಅವರು ಸೀಸೆಗಳನ್ನು ಒಂದೊಂದಾಗಿ ತೊಳೆದು, ಹಿತ್ತಲಲ್ಲಿ ಬೋರಲು ಹಾಕಿದರು. ಆಮೇಲೆ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಅಳುತ್ತಿದ್ದರಾ, ನನಗೆ ಗೊತ್ತಿಲ್ಲ. ಬಾಗಿಲಿಗೆ ಕಿವಿ ಕೊಡುವ ಧೈರ್ಯ ಆಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಗಿಯಾರ್ತೊ ಆ ಎಂಟನ್ನು ಬಿಡಲಿಲ್ಲ.

“ಪಟ್ಟಿ ಹಳೇದು ಅಂದ್ಯಲ್ಲ, ಅದನ್ನ ಇಟ್ಕೊಂಡಿದ್ದೋರು ಯಾರು?”

“ಬು ಹಾರ್ಯಾತಿ ಮನೆ ಬೀರುನಲ್ಲಿ ಇರುತ್ತೆ. ಬಿಡಿ ಮಾಸ್, ಯಾಕೆ ಈಗ?”

“ಯಾಕೆ ಅಂದ್ರೆ? ನಮ್ಮಮ್ಮನ ಕಾಲು ಹೋಗಿದೆ!”

ಹೋಗಿ ಅವರ ಮನೆ ಗೇಟಿನಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿಯೇ ಬಂದ. ಮಾರನೇ ಸಂಜೆ ಉಪವಾಸ ಮುರಿದ ಮೇಲೆ ಬು ಹಾರ್ಯಾತಿ ಒಂದು ಗೊನೆ ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ಎಂದೂ ತಲೆ ತಗ್ಗಿಸದ ಹೆಂಗಸು. ಸಿಂಬೊಕ್‌ರ ಮುಂದೆ ಚಾಪೆಯ ಮೇಲೆ ಕೂತು ಕಣ್ಣೀರು ಹಾಕಿಕೊಂಡರು.

“ನಂದೇ ತಪ್ಪು, ಅಕ್ಕಾ. ಬೀರು ಒಲೆ ಪಕ್ಕದಲ್ಲೇ ಇದೆ, ಕಾವಿಗೆ ಕೆಟ್ಟಿರ್ಬೇಕು. ತಾರೀಖು ನೋಡ್ಬೇಕಿತ್ತು. ಇದ್ದ ಪಟ್ಟಿ ಎಲ್ಲ ಎಸೆದ್ಬಿಟ್ಟೆ. ಮುಂದಿನ ತಿಂಗಳಿಂದ ನಾನು ಈ ಕೆಲಸಕ್ಕೆ ಇರಲ್ಲ, ಯಾವ ಮುಖ ಇಟ್ಕೊಂಡು ಇರ್ಲಿ?”

ನಾನು ಟೀ ಸೋಸುತ್ತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಸಿಂಬೊಕ್ ಬು ಹಾರ್ಯಾತಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಸಕ್ಕರೆ ಡಬ್ಬಿ ಹುಡುಕಿದೆ. ಅದು ಕೈಯಲ್ಲೇ ಇತ್ತು.

“ಅಳಬೇಡ ಹಾರ್ಯಾತಿ,” ಎಂದರು ಸಿಂಬೊಕ್ ಕೊನೆಗೆ. “ನೀನೇನು ಬೇಕಂತ ಮಾಡಿದ್ಯಾ?”

ಆ ರಾತ್ರಿಯಿಂದ ನನಗೆ ಅನ್ನ ಸೇರಲಿಲ್ಲ. ಉಪವಾಸ ಬೇರೆಯವರಿಗೆ ಸಂಜೆ ಮುಗಿಯುತ್ತಿತ್ತು, ನನಗೆ ಮುಗಿಯುತ್ತಿರಲಿಲ್ಲ. ಯಾರಾದರೂ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲು ಯಾರಿಗೆ ಗೊತ್ತಿತ್ತು?

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಮತ್ತೆ ಆಸ್ಪತ್ರೆಗೆ ಹೋದೆವು. ಊತ ಇಳಿದಿದೆ, ನೋವು ಕಡಿಮೆ, ಇನ್ನೂ ಮೂರು ವಾರ ಬೂಟು ಇರಲಿ ಎಂದರು ಡಾಕ್ಟರು. ಗೋಡೆ ಹಿಡಿಸಿ ನಿಲ್ಲಿಸಿದರೆ ಹಿಮ್ಮಡಿ ಮಾತ್ರ ಏಳಲಿಲ್ಲ. ಕುಸಿದ ಕಮಾನು ತಾನಾಗಿ ಎದ್ದು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಆಪರೇಷನ್ನಿನ ಮಾತು ಹಬ್ಬ ಮುಗಿಸಿಕೊಂಡು ಬಂದ ಮೇಲೆ ಎಂದರು.

ಹಬ್ಬದ ಬೆಳಿಗ್ಗೆ ಕಿರಿಯರು ಹಿರಿಯರ ಮುಂದೆ ಮಂಡಿಯೂರಿ, ಅವರ ಮಡಿಲಿಗೆ ಹಣೆಯಿಟ್ಟು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳಬೇಕು. ಮಾತು ಎಲ್ಲರಿಗೂ ಬಾಯಿಪಾಠ. ಹಿರಿಯರ ಉತ್ತರವೂ ಬಾಯಿಪಾಠ. ಹದಿನಾಲ್ಕು ಹಬ್ಬ ನಾನು ಅದನ್ನು ಗಿಣಿಯ ಹಾಗೆ ಹೇಳಿ ಎದ್ದು, ತೆಂಗಿನಗರಿಯ ಕಡುಬು ಬೆಂದಿತಾ ಎಂದು ನೋಡಲು ಓಡಿದವಳು.

ಸಿಂಬೊಕ್ ಹೊಸ ಕೆಬಾಯ ತೊಟ್ಟು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬಲಗಾಲಿನ ಬೂಟನ್ನು ಮಣೆಯ ಮೇಲಿಟ್ಟಿದ್ದರು. ನಾದಿನಿ, ಅವಳ ಗಂಡ, ಮಕ್ಕಳು ಎಲ್ಲ ಬಂದಿದ್ದರು. ಮೊದಲು ಗಿಯಾರ್ತೊ ಹಣೆಯಿಟ್ಟು ಎದ್ದ. ಆಮೇಲೆ ನಾನು ಮಂಡಿಯೂರಿದೆ.

“ತಿಳಿದೂ ತಿಳಿಯದೆಯೂ ಮಾಡಿದ ತಪ್ಪನ್ನೆಲ್ಲ ಮನಸಾರೆ ಕ್ಷಮಿಸಿ ಸಿಂಬೊಕ್,” ಎಂದೆ.

“ಕ್ಷಮಿಸಿದೆ. ನಾನು ಹಿರಿಯಳಾಗಿ ಮಾಡಿದ ತಪ್ಪನ್ನ ನೀನೂ ಕ್ಷಮಿಸು,” ಎಂದು ನನ್ನ ತಲೆ ಮುಟ್ಟಿದರು.

ಅಲ್ಲಿಗೆ ಮುಗಿಯಿತು. ಏಳಬಹುದಿತ್ತು. ಆ ಕ್ಷಮೆಯನ್ನು ಸೆರಗಿಗೆ ಕಟ್ಟಿಕೊಂಡು ಅಡಿಗೆಮನೆಗೆ ಹೋಗಬಹುದಿತ್ತು. ಹಣೆ ಎತ್ತಲಿಲ್ಲ. ಅವರ ಮಡಿಲಲ್ಲೇ ಮುಖ ಹುದುಗಿಸಿ, ಅವರಿಗೊಬ್ಬರಿಗೇ ಕೇಳುವ ಹಾಗೆ ಹೇಳಿದೆ.

“ತಿಳಿಯದೆ ಮಾಡಿದ್ದಲ್ಲ ಸಿಂಬೊಕ್. ಪಟ್ಟಿ ಸರಿಯಾಗೇ ಇತ್ತು. ಐದು ಬಂದಿತ್ತು. ಎಂಟು ಬರೆದದ್ದು ನಾನು.”

ತಲೆಯ ಮೇಲಿನ ಕೈ ಅಲ್ಲೇ ಇತ್ತು.

“ಗೊತ್ತು,” ಎಂದರು.

ನಾನು ಮುಖ ಎತ್ತಿದೆ.

“ನೀನು ತಿರುಗಿಸ್ಕೊಳ್ಳೋಕೆ ಮುಂಚೆ ಆ ಯಂತ್ರ ನನ್ನ ಕಡೆಗೇ ಇತ್ತು ಕಣೆ. ನಲವತ್ತು ವರ್ಷ ಚಿಲ್ಲರೆ ಎಣಿಸಿದೋಳಿಗೆ ಐದು ಯಾವುದು, ಎಂಟು ಯಾವುದು ಗೊತ್ತಾಗಲ್ವಾ?”

“ಮತ್ತೆ… ಮತ್ತೆ ಯಾಕೆ ಹೇಳ್ಲಿಲ್ಲ?”

“ಅಷ್ಟು ಹೆಂಗಸರ ಮುಂದೆ ನನ್ನ ಸೊಸೆ ಸುಳ್ಳಿ ಅಂತ ಹೇಳ್ಲಾ? ಮನೆಗೆ ಬಂದು ನೀನೇ ಹೇಳ್ತೀಯ ಅಂತ ಕಾದೆ. ನೀನು ಸೀಮೆಬದನೆ ಬೇಯಿಸಿ ಹಾಕ್ದೆ.” ಅವರ ಬಾಯಂಚು ಅದುರಿತು. “ಆಮೇಲೆ ನನಗೂ ಹಟ ಬಂತು. ಇವಳ ಬಾಯಿಗೆ ಮೊದಲು ನಿಜ ಬರುತ್ತೋ, ನನ್ನ ಕಾಲು ಮೊದಲು ಹೋಗುತ್ತೋ ನೋಡೇಬಿಡೋಣ ಅಂತ. ಕಾಲೇ ಮೊದಲು ಹೋಯ್ತು.”

ಹಿಂದಿನಿಂದ ಗಿಯಾರ್ತೊ ಕೂಗಿದ. “ಏನು ಇಷ್ಟು ಹೊತ್ತು? ಹದಿನಾಲ್ಕು ವರ್ಷದ್ದೂ ಒಟ್ಟಿಗೇ ಒಪ್ಪಿಸ್ತಿದಾಳಾ?” ಎಲ್ಲರೂ ನಕ್ಕರು.

“ನಿನ್ನ ಸರದಿ ಆಯ್ತಲ್ಲ, ಸುಮ್ನಿರೋ,” ಎಂದರು ಸಿಂಬೊಕ್. ನನ್ನ ಗಲ್ಲದ ನೀರನ್ನು ಹೆಬ್ಬೆರಳಿನಲ್ಲಿ ಒರೆಸಿದರು, ಸ್ವಲ್ಪ ಒರಟಾಗಿಯೇ. “ನಾನೇನೋ ಹಟಮಾರಿ. ನನ್ನ ಪಾಲಿನ ತಪ್ಪು ಇದರಲ್ಲಿದೆ, ಅನುಭವಿಸ್ತೀನಿ. ಹಾರ್ಯಾತಿದು ಏನಿದೆ? ಪಾಪ, ಬಾಳೆಹಣ್ಣು ಹಿಡ್ಕೊಂಡು ಬಂದು ಅತ್ತಳು. ಅವತ್ತು ನೀನು ಬಾಯಿ ಬಿಡ್ತೀಯ ಅಂತ ನೋಡ್ದೆ.”

“ನಾಳೆ ಹೋಗ್ತೀನಿ ಸಿಂಬೊಕ್. ಒಬ್ಬರೇ ಇದ್ದಾಗ ಹೋಗಿ…”

“ಗಿಯಾರ್ತೊ ಕೂಗಾಡಿದ್ದು ಅವಳು ಒಬ್ಬಳೇ ಇದ್ದಾಗಲಾ?”

ಸಿಂಬೊಕ್ ನನ್ನ ಭುಜ ತಟ್ಟಿದರು.

“ಏಳು. ಮಗು ಕಾಯ್ತಿದೆ.”

ಎದ್ದೆ. ನನ್ನ ಜಾಗದಲ್ಲಿ ಲಾರಸ್ ಮಂಡಿಯೂರಿದಳು. ಒಲೆಯ ಮೇಲೆ ತೆಂಗಿನ ಹಾಲಿನ ಕೋಳಿ ಸಾರು ಕುದಿಯುತ್ತಿತ್ತು. ಉರಿ ಸಣ್ಣ ಮಾಡಿ ನಾದಿನಿಗೆ ನೋಡಿಕೋ ಎಂದೆ. ಎಲ್ಲಿಗೆ ಅಂದಳು. ಈಗ ಬಂದೆ ಎಂದು ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಂಡೆ.

ಬು ಹಾರ್ಯಾತಿಯವರ ಜಗಲಿಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಪ್ರಾರ್ಥನೆ ಮುಗಿಸಿ ಓಣಿಯ ಹೆಂಗಸರೆಲ್ಲ ಮೊದಲು ಬರುವುದು ಅಲ್ಲಿಗೇ. ಒಳಗೆ ನಗು, ತಟ್ಟೆಗಳ ಸದ್ದು. ನನ್ನನ್ನು ಕಂಡು ಬು ಹಾರ್ಯಾತಿ ಎದ್ದು ಬಾಗಿಲಿಗೆ ಬಂದು ಎರಡೂ ಕೈ ಹಿಡಿದುಕೊಂಡರು.

“ಬಾ ವಾರ್ಸಿ. ನಿಮ್ಮತ್ತೆ ಕಾಲು ಹೇಗಿದೆ?”

“ಅದನ್ನ ಹೇಳೋಕೇ ಬಂದೆ,” ಎಂದೆ. “ಎಲ್ಲರೂ ಕೇಳಿಸ್ಕೊಳ್ಳಿ.”